ಸಂತೆಯ ಯಾದಿಯೂ ಕುಟುಂಬದ ಆರೋಗ್ಯವೂ

(ಹಿರೇಬೆಂಡಿಗೇರಿಯ ತಾಯಂದಿರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಆಸ್ಪತ್ರೆ, ಚುಚ್ಚುಮದ್ದು, ಹೆರಿಗೆ ಇವುಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಮನೆಯವರ ಆರೋಗ್ಯವು ಬಹುಮಟ್ಟಿಗೆ ಸಂತೆಯ ಚೀಲದಲ್ಲಿಯೇ ನಿರ್ಧಾರವಾಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಹಿಂದೆ ಜೋಳ, ಹೆಸರು, ತೊಗರಿ, ಶೇಂಗಾ ನಮ್ಮ ಹೊಲದಿಂದಲೇ ಮನೆಗೆ ಬರುತ್ತಿದ್ದವು. ಇಂದು ನಮ್ಮ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳ ಮತ್ತು ಹತ್ತಿ ಬಹುವಾಗಿ ಬೆಳೆಯುತ್ತವೆ. ಆದುದರಿಂದ ಕಾಳುಕಡಿಯನ್ನೂ ಹಣ ಕೊಟ್ಟು ತರಬೇಕಾಗಿದೆ. ಕೊಳ್ಳುವುದು ಹೆಚ್ಚಾದಂತೆ ಕೊಳ್ಳುವ ವಿವೇಕವೂ ಹೆಚ್ಚಬೇಕು.

ವೃತ್ತಪತ್ರಿಕೆಯ ಮಡಿಕೆಯಲ್ಲಿ ಬರುವ ಬಣ್ಣದ ಕರಪತ್ರಗಳನ್ನು ತಾವು ನೋಡಿದ್ದೀರಿ. ‘ಎರಡು ಕೊಂಡರೆ ಒಂದು ಉಚಿತ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಕರಪತ್ರವೂ ಒಂದು ಯಾದಿಯೇ. ಆದರೆ ಅದನ್ನು ಬರೆದವರು ಮಾರುವವರು. ಒಂದೆರಡು ಪದಾರ್ಥಗಳನ್ನು ಅಗ್ಗವಾಗಿ ತೋರಿಸಿ ಅಂಗಡಿಗೆ ಕರೆದರೆ, ಉಳಿದವನ್ನೂ ನಾವು ಅಲ್ಲಿಯೇ ಕೊಳ್ಳುತ್ತೇವೆಂಬುದು ಅವರಿಗೆ ತಿಳಿದಿದೆ. ಬೇಡವಾದುದನ್ನು ಅರ್ಧ ಬೆಲೆಗೆ ತಂದರೂ ಅದು ಉಳಿತಾಯವಲ್ಲ, ಖರ್ಚೇ ಸರಿ. ಬಿಸ್ಕತ್ತು, ಕುರುಕಲು ತಿಂಡಿಗಳಿಗೆ ಹೋದ ಹಣ ಬೇಳೆಕಾಳಿನ ಪಾಲಿನಿಂದ ಕಡಿತವಾಗುತ್ತದೆ.

ಈ ಕಡಿತವನ್ನು ಅನುಭವಿಸುವವರು ಯಾರು? ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ತಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಗಳನ್ನು ತಪ್ಪದೆ ಸೇವಿಸಬೇಕು. ಅದರೊಂದಿಗೆ ತಟ್ಟೆಯಲ್ಲಿ ಕಾಳು, ಸೊಪ್ಪು ಇರಲೇಬೇಕು.

ಆದುದರಿಂದ ಸಂತೆಗೆ ಹೊರಡುವ ಮುನ್ನ ಮನೆಯಲ್ಲಿಯೇ ಯಾದಿ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗ ಅಥವಾ ಮಗಳಿಂದ ಬರೆಯಿಸಿರಿ. ಮೊದಲು ಡಬ್ಬಿಗಳನ್ನು ತೆರೆದು ಉಳಿದಿರುವುದೆಷ್ಟೆಂದು ನೋಡಿರಿ. ಪಡಿತರದ ಅಕ್ಕಿ ಮನೆಯಲ್ಲಿದ್ದರೆ, ಕೈಯಲ್ಲಿರುವ ಹಣ ಬೇಳೆ, ಕಾಳು, ಸೊಪ್ಪು, ತರಕಾರಿಗಳಿಗೆ ಮೀಸಲಾಗಲಿ.

ಪ್ರಮಾಣವೆಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯಂತೆ, 2,000 ಕ್ಯಾಲೊರಿ ಬೇಕಾದ ಒಬ್ಬರಿಗೆ ದಿನಕ್ಕೆ ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಎಣ್ಣೆ-ಕೊಬ್ಬು 27 ಗ್ರಾಂ ಸಾಕು; ಉಪ್ಪು 5 ಗ್ರಾಂ ಮೀರಬಾರದು. ಅಂಥ ನಾಲ್ವರಿರುವ ಮನೆಗೆ ವಾರಕ್ಕೆ ಬೇಳೆಕಾಳು ಸುಮಾರು 2 ಕಿಲೋ 400 ಗ್ರಾಂ, ಎಣ್ಣೆ ಮುಕ್ಕಾಲು ಕಿಲೋ ಆಗುತ್ತದೆ. ನಮ್ಮ ಅನೇಕ ಮನೆಗಳ ಯಾದಿಯಲ್ಲಿ ಎಣ್ಣೆ ಇದಕ್ಕಿಂತ ಹೆಚ್ಚು, ಕಾಳು ಇದಕ್ಕಿಂತ ಕಡಿಮೆ ಇರುವುದುಂಟು. ತಮ್ಮ ಯಾದಿಯನ್ನು ತಾವೇ ಹೋಲಿಸಿ ನೋಡಿರಿ.

ಅಂಗಡಿಯಲ್ಲಿ ಪೊಟ್ಟಣದ ಮೇಲಿನ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕಗಳನ್ನು ಓದಿರಿ. ಕಿಲೋಗೆ ಎಷ್ಟು ಬಿದ್ದಿತೆಂದು ಲೆಕ್ಕ ಹಾಕಿರಿ. ಐದು, ಹತ್ತು ರೂಪಾಯಿಯ ಸಣ್ಣ ಪೊಟ್ಟಣಗಳು ಅನೇಕ ವೇಳೆ ತುಟ್ಟಿಯಾಗುತ್ತವೆ. ಹಸಿದ ಹೊಟ್ಟೆಯಲ್ಲಿ ಸಂತೆಗೆ ಹೋಗಬೇಡಿರಿ. ಮಕ್ಕಳು ಹಟ ಹಿಡಿದರೆ ಬಾಳೆಹಣ್ಣನ್ನೋ ಶೇಂಗಾ ಉಂಡಿಯನ್ನೋ ಕೊಡಿಸಿರಿ.

ಸಹೋದರರಲ್ಲಿ ಒಂದು ಮಾತು. ಸಂತೆಗೆ ತಾವು ಹೋಗುವುದಾದರೂ ಯಾದಿಯನ್ನು ಮನೆಯಾಕೆಯನ್ನು ಕೇಳಿಯೇ ಬರೆಯಿರಿ. ಆಕೆಯ ಪಾಲನ್ನೂ ಅದರಲ್ಲಿ ಸೇರಿಸಿರಿ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಹೆಸರಿಗೇ ಗೊತ್ತುಪಡಿಸಿತು. ಆ ಹಣದ ಯಾದಿಯೂ ಆಕೆಯ ಕೈಯಲ್ಲಿಯೇ ಇರಲಿ.

ಮುಂದಿನ ಸಂತೆಗೆ ಪ್ರತಿ ಮನೆಯಿಂದಲೂ ಚೀಲದೊಡನೆ ಒಂದು ಯಾದಿಯೂ ಹೊರಡಲೆಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.