ಹಳೆಯ ಜಲಾಶಯದ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಅದು ಸಾಲದೆ 1933ರಲ್ಲಿ ಅದೇ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ. 1974ರಿಂದ ನೂರು ಕಿಲೋಮೀಟರ್ ದೂರದ ಕಾವೇರಿ. ಹೊಸ ನೀರು ಬಂದ ಮೇಲೆ ಹಳೆಯದನ್ನು ಕೇಳುವವರು ಕಡಿಮೆಯಾದರು. ಮೇಲುಗಡೆ ನೀಲಗಿರಿ ತೋಪು ಎದ್ದವು, ಕೊಳವೆಬಾವಿ ಇಳಿದವು, ಬಡಾವಣೆಗಳು ಕಾಲುವೆ ನುಂಗಿದವು. ನಮ್ಮ ಹೊಲಕ್ಕೂ ಅಪ್ಪ ನೀಲಗಿರಿಯನ್ನೇ ಹಾಕಿದ್ದರು. ಒಂದೊಂದನ್ನೇ ನೋಡಿದರೆ ಅಂಥ ತಪ್ಪೇನೂ ಕಾಣದು. ಎಲ್ಲ ಕೂಡಿದಾಗ ಹೆಸರಘಟ್ಟ ಬತ್ತಿತು, ತಿಪ್ಪಗೊಂಡನಹಳ್ಳಿಗೆ ಕೊಳಚೆ ಸೇರಿತು.

ಮುಂದೆ ಯಾವುದೇ ಜಲಾಶಯದ ಪರಿಸರ ವರದಿ ನಿಮ್ಮ ಕೈಗೆ ಬಂದರೆ, ಮುಳುಗುವ ಎಕರೆಗಳನ್ನಷ್ಟೇ ಓದಬೇಡಿ. ಬಿಟ್ಟುಹೋಗುವ ಹಳೆಯ ಕೆರೆ, ನೀರೆತ್ತುವ ಕರೆಂಟು, ಅದೇ ಕಣಿವೆಯ ಉಳಿದ ಕಾಮಗಾರಿಗಳು, ಇವೆಲ್ಲವನ್ನೂ ಒಟ್ಟಿಗೆ ಕೂಡಿಸಿದ ಪುಟ ಇದೆಯೇ ಹುಡುಕಿ. ಇಲ್ಲದಿದ್ದರೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಕೇಳಿ.