ಬಿದ್ದಾಗ ಎತ್ತಿದವರು, ಮಲಗಿದಾಗ ಕೂತವರು

ಬಳ್ಳಾರಿ ಪಾರ್ವತಿನಗರದ ನಮ್ಮನೆ ಮಹಡಿ ರೂಮಿಂದ ಮಾತಾಡ್ತಾ ಇದ್ದೀನಿ. ಫ್ಯಾನ್ ಆಫ್ ಮಾಡಿದ್ದೀನಿ, ಇಲ್ಲಾಂದ್ರೆ ಮೈಕ್‌ನಲ್ಲಿ ನನ್ನ ಬದಲು ಅದೇ ಮಾತಾಡುತ್ತೆ. ಬಳ್ಳಾರಿಯಲ್ಲಿ ಫ್ಯಾನ್ ಇಲ್ಲದೆ ಇಪ್ಪತ್ತು ನಿಮಿಷ ಕೂರೋದು ಅಂದ್ರೆ ಏನು ಅಂತ ಇಲ್ಲಿಯವರಿಗೆ ಗೊತ್ತು. ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ.

ಹೋದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಒಪ್ಪಿಗೆ ತಗೊಂಡೇ ಹೇಳ್ತಾ ಇದ್ದೀನಿ. ಹೆಸರು, ಊರು ಬೇಡ. ಅವರಿಗೆ ಒಂದು ಅಪಘಾತ ಆಯ್ತು, ಕೆಲವು ತಿಂಗಳು ಹಾಸಿಗೆ ಹಿಡಿದ್ರು. ಸಂಬಂಧದಲ್ಲೇ ಒಬ್ಬ ಹುಡುಗ ದಿನಾ ಆಸ್ಪತ್ರೆಗೆ ಬಂದ, ರಕ್ತ ಕೊಟ್ಟ, ಬಿಲ್ ಕೌಂಟರಿನ ಕ್ಯೂನಲ್ಲಿ ನಿಂತ. ಈಗ ಎರಡೂ ಮನೆಯವರದು ಒಂದೇ ಮಾತು: “ಇಷ್ಟೆಲ್ಲ ನೋಡ್ಕೊಂಡಾನ, ಇನ್ನೇನು ಬೇಕವ್ವ ನಿನಗ?” ಅವರ ಪ್ರಶ್ನೆ ಇಷ್ಟೇ: “ಆತನ ಮೇಲೆ ನನಗೆ ಗೌರವ ಇದೆ. ಆತ ಬಂದ್ರೆ ಧೈರ್ಯ ಬರುತ್ತೆ. ಇದು ಪ್ರೀತಿನಾ, ಋಣಾನಾ?”

ನಾನು ಕೌನ್ಸೆಲರ್ ಅಲ್ಲ, ಬಿಕಾಂ ಮಾಡಿದವಳು. ಋಣ ಅಂದ ಕೂಡಲೇ ನನಗೆ ನೆನಪಾಗೋದು ಬ್ಯಾಲೆನ್ಸ್ ಶೀಟಿನ ಎಡಗಡೆ. ಆದ್ರೆ ಇದೇ ಪ್ರಶ್ನೆ ಇಟ್ಕೊಂಡ ಎರಡು ಕಥೆ ನನಗೆ ಗೊತ್ತು. ಒಂದು ಇಂಗ್ಲೆಂಡಿಂದು, ಇನ್ನೊಂದು ನಮ್ಮದೇ. ಎರಡರ ಕೊನೆಯನ್ನೂ ಹೇಳಿಬಿಡ್ತೀನಿ. ಸ್ಪಾಯ್ಲರ್ ಬೇಡ ಅನ್ನೋರು ಇಲ್ಲೇ ನಿಲ್ಲಿಸಿ, ಆಮೇಲೆ ನನ್ನ ಬೈಬೇಡಿ.

ಮೊದಲ ಕಥೆ ರೀಜೆನ್ಸಿ ಕಾಲದ್ದು. ‘ಬ್ರಿಜರ್ಟನ್’ ನೋಡಿದವರಿಗೆ ಆ ಗೌನು, ಆ ಸಾರೋಟು, ಆ ಬಾಲ್ ಡ್ಯಾನ್ಸ್ ಕಣ್ಮುಂದೆ ಬರುತ್ತೆ. ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ಗೆ ಮನಸ್ಸಿನ ಕಾಯಿಲೆ ಬಂದು ರಾಜ್ಯ ನಡೆಸೋಕೆ ಆಗದೇ ಹೋದಾಗ, 1811ರಿಂದ 1820ರವರೆಗೆ ಆತನ ಮಗ ಅಪ್ಪನ ಪರವಾಗಿ ರೀಜೆಂಟ್ ಆಗಿ ಆಳಿದ. ಅದಕ್ಕೇ ಆ ಹೆಸರು. ಅಂದ್ರೆ ಆ ಕಾಲಕ್ಕೆ ಹೆಸರು ಬಂದಿದ್ದೇ ಒಬ್ಬ ರೋಗಿಯಿಂದ. ಈ ತರದ ಪ್ರೇಮಕಥೆಗಳಲ್ಲಿ ಯಾರಾದ್ರೂ ಒಬ್ಬರು ಬೀಳಲೇಬೇಕು. ‘ಬ್ರಿಜರ್ಟನ್’ ಎರಡನೇ ಸೀಸನ್‌ನಲ್ಲಿ ಇಂಡಿಯಾದಿಂದ ಹೋದ ಕೇಟ್ ಶರ್ಮಾ ಕುದುರೆಯಿಂದ ಬೀಳ್ತಾಳೆ. ಹೀರೋ ಎತ್ಕೊಂಡು ಬರ್ತಾನೆ. ಗಂಡು ಹೆಣ್ಣು ಕೈ ಮುಟ್ಟೋಕೂ ಕಟ್ಟುಪಾಡು ಇದ್ದ ಸಮಾಜದ ಕಥೆಯಲ್ಲಿ, ಒಬ್ಬರನ್ನೊಬ್ಬರು ಹತ್ತಿರ ತರೋಕೆ ಗಾಯಕ್ಕಿಂತ ಸುಲಭದ ದಾರಿ ಇಲ್ಲ.

ಆದ್ರೆ ಆ ಕಾಲದಲ್ಲೇ ಕೂತು ಬರೆದವರು ಜೇನ್ ಆಸ್ಟಿನ್. ಅವರ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಅಚ್ಚಾಗಿದ್ದು 1811ರಲ್ಲಿ, ಅಂದ್ರೆ ರೀಜೆನ್ಸಿ ಶುರುವಾದ ವರ್ಷವೇ.

ಕಥೆ ಶುರುವಾಗೋದು ಆಸ್ತಿಯಿಂದ. ಅಪ್ಪ ಸತ್ತ ಮೇಲೆ ಎಸ್ಟೇಟ್ ಪೂರ್ತಿ ಮೊದಲ ಹೆಂಡತಿಯ ಮಗನ ಪಾಲಿಗೆ. ಎರಡನೇ ಹೆಂಡತಿಗೂ ಆಕೆಯ ಮೂವರು ಹೆಣ್ಮಕ್ಕಳಿಗೂ ಉಳಿದಿದ್ದು ಎಲ್ಲ ಸೇರಿ 10,000 ಪೌಂಡ್, ಅದರಿಂದ ವರ್ಷಕ್ಕೆ 500 ಪೌಂಡ್ ವರಮಾನ. ಶೇಕಡಾ 5ರ ಬಡ್ಡಿ, ಲೆಕ್ಕ ಸರಿಯಾಗಿದೆ. ತಂಗಿಯರಿಗೆ 3,000 ಪೌಂಡ್ ಕೊಡ್ತೀನಿ ಅಂತ ಮನಸ್ಸು ಮಾಡಿದ್ದ ಅಣ್ಣನನ್ನ ಆತನ ಹೆಂಡತಿ ಒಂದೇ ಕೂತಕ್ಕೆ 3,000ದಿಂದ ಸೊನ್ನೆಗೆ ಇಳಿಸ್ತಾಳೆ. ಆ ಅಧ್ಯಾಯ ಓದಿದ್ರೆ ನಿಮ್ಮ ಸಂಬಂಧಿಕರಲ್ಲಿ ಯಾರಾದ್ರೂ ಒಬ್ಬರು ನೆನಪಾಗದೇ ಇರಲ್ಲ.

ನಡುವಿನ ಹುಡುಗಿ ಮರಿಯಾನ್. ಮಳೆ ಬಂತು ಅಂತ ಗುಡ್ಡ ಇಳಿದು ಓಡುವಾಗ ಜಾರಿ ಬಿದ್ದು ಪಾದ ಉಳುಕಿಸ್ಕೊಳ್ತಾಳೆ. ಬೇಟೆ ನಾಯಿಗಳ ಜೊತೆ ಬರ್ತಿದ್ದ ಒಬ್ಬ ಸುಂದರ ಯುವಕ ಆಕೆಯನ್ನ ಎತ್ಕೊಂಡು ಮನೆಗೆ ತರ್ತಾನೆ. ಅವನೇ ವಿಲ್ಲೋಬಿ. ದಿನಾ ಬರ್ತಾನೆ, ಪದ್ಯ ಓದ್ತಾನೆ, ಹಾಡ್ತಾನೆ. ಇತ್ತ ಕರ್ನಲ್ ಬ್ರ್ಯಾಂಡನ್ ಅಂತ ಇನ್ನೊಬ್ಬರು ಇದ್ದಾರೆ. 35 ದಾಟಿದವರು, ಇಂಡಿಯಾ ಕಡೆ ಸೈನ್ಯದಲ್ಲಿದ್ದು ಬಂದವರು. 17ರ ಮರಿಯಾನ್ ಕಣ್ಣಿಗೆ ಅವರು ಮುದುಕ. ಅವರು ಫ್ಲಾನೆಲ್ ಬಟ್ಟೆಯ ಒಳಕೋಟಿನ ಮಾತೆತ್ತಿದ್ರು ಅಂತ ಆಡ್ಕೊಳ್ತಾಳೆ. ಅದು ಕೀಲುನೋವಿನವರು ಹಾಕೋ ಬಟ್ಟೆ ಅಂತ ಆಕೆಯ ಲೆಕ್ಕ. ಮಂಕಿ ಕ್ಯಾಪ್ ಹಾಕ್ಕೊಂಡು ಬೈಕ್ ಮೇಲೆ ಬರೋ ಅಂಕಲ್‌ನ ನೋಡಿ ನಾವು ನಗ್ತೀವಲ್ಲ, ಹಾಗೆ.

ಬ್ರ್ಯಾಂಡನ್ ತರದವರು ನಮ್ಮೂರಿಗೆ ಹೊಸಬರಲ್ಲ. 1800ರಲ್ಲಿ ನಿಜಾಮರು ಬಳ್ಳಾರಿ ಸೇರಿದ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟಾಗ ಇದನ್ನ ನೋಡ್ಕೊಳ್ಳೋಕೆ ಬಂದವರು ಥಾಮಸ್ ಮನ್ರೋ. 1807ರವರೆಗೆ ಇಲ್ಲಿದ್ದು, ಬ್ರಿಟನ್‌ಗೆ ಹೋಗಿ, 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅನ್ನೋರನ್ನ ಮದುವೆಯಾದಾಗ ಅವರಿಗೆ 52. ಇಂಡಿಯಾದಲ್ಲಿ ವರ್ಷಗಟ್ಟಲೆ ಇದ್ದು ತಡವಾಗಿ ಸಂಸಾರ ಹೂಡಿದ ಅಧಿಕಾರಿ ಕಥೆಯಲ್ಲಷ್ಟೇ ಇದ್ದವನಲ್ಲ.

ಮತ್ತೆ ಮರಿಯಾನ್ ಹತ್ರ ಬರೋಣ. ವಿಲ್ಲೋಬಿ ಒಂದಿನ ಏಕಾಏಕಿ ಲಂಡನ್‌ಗೆ ಹೋದ. ಪತ್ರ ಬರೆದ್ರೆ ಉತ್ತರ ಇಲ್ಲ. ಇವತ್ತಿನ ಭಾಷೆಯಲ್ಲಿ ಬ್ಲೂ ಟಿಕ್ ಬಿದ್ದಿದೆ, ರಿಪ್ಲೈ ಇಲ್ಲ. ಕೊನೆಗೆ ನೋಡಿದ್ರೆ 50,000 ಪೌಂಡ್ ಇರೋ ಬೇರೆ ಹುಡುಗಿಯನ್ನ ಮದುವೆ ಆಗಿದ್ದಾನೆ. ಮರಿಯಾನ್ ಊಟ ನಿದ್ದೆ ಬಿಟ್ಟು, ಒದ್ದೆ ಹುಲ್ಲಲ್ಲಿ ಅಲೆದು, ಒದ್ದೆ ಶೂನಲ್ಲೇ ಕೂತು, ದೊಡ್ಡ ಜ್ವರ ತಂದ್ಕೊಳ್ತಾಳೆ. ಸಾಯೋ ಹಂತಕ್ಕೆ ಹೋಗ್ತಾಳೆ.

ಇಲ್ಲಿ ಗಮನಿಸಿ. ಎತ್ಕೊಂಡು ಬಂದ ವಿಲ್ಲೋಬಿ ಪಕ್ಕದಲ್ಲಿಲ್ಲ. ಬ್ರ್ಯಾಂಡನ್ ಅಮ್ಮನನ್ನ ಕರ್ಕೊಂಡು ಬರೋಕೆ ರಾತ್ರೋರಾತ್ರಿ ಗಾಡಿ ಕಟ್ಟಿಸ್ಕೊಂಡು ಹೊರಡ್ತಾರೆ. ಹಾಸಿಗೆ ಪಕ್ಕ ಕೂತು ನಾಡಿ ಹಿಡಿದು ನೋಡ್ತಾ ಇರೋದು ಅಕ್ಕ ಎಲಿನಾರ್. ಅವಳದೂ ಒಂದು ಮುರಿದ ಪ್ರೀತಿ ಇದೆ. ನಾಲ್ಕು ತಿಂಗಳು ಒಬ್ಬಳೇ ನುಂಗಿಕೊಂಡಿದ್ದಳು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರಿಯಾನ್ ಉಳೀತಾಳೆ. ಎದ್ದು ಓಡಾಡೋ ಹಾಗಾದ ಮೇಲೆ, ಈ ಕಾಯಿಲೆ ನಾನೇ ತಂದ್ಕೊಂಡಿದ್ದು ಅಂತ ಅಕ್ಕನ ಎದುರು ಒಪ್ಕೊಳ್ತಾಳೆ. 19ಕ್ಕೆ ಬ್ರ್ಯಾಂಡನ್‌ರನ್ನ ಮದುವೆ ಆಗ್ತಾಳೆ.

ನಮ್ಮ ಕೇಳುಗರ ಪ್ರಶ್ನೆ ಇರೋದು ಇಲ್ಲೇ. ಬ್ರ್ಯಾಂಡನ್ ಇಷ್ಟು ಒಳ್ಳೆಯವರು, ಇಷ್ಟು ಮಾಡಿದ್ದಾರೆ ಅಂತ ಮನೆಯವರೆಲ್ಲ ಸೇರಿ ಮರಿಯಾನ್‌ಳನ್ನೇ ಅವರಿಗೆ ಬಹುಮಾನ ಅಂತ ಗೊತ್ತು ಮಾಡಿಬಿಡ್ತಾರೆ. ಆಸ್ಟಿನ್ ಇದನ್ನ ಮುಚ್ಚಿಡಲ್ಲ, ಸ್ವಲ್ಪ ಕುಟುಕಿಯೇ ಬರೀತಾರೆ. ಮದುವೆ ಹೊತ್ತಿಗೆ ಆಕೆಯಲ್ಲಿದ್ದಿದ್ದು ಗೌರವ ಮತ್ತು ಸ್ನೇಹ ಅಷ್ಟೇ. ಪ್ರೀತಿ ಬೆಳೆದಿದ್ದು ಆಮೇಲೆ. ಅದು ಪೂರ್ತಿ ಬೆಳೀತು ಅಂತಾನೂ ಹೇಳ್ತಾರೆ. ಆದ್ರೆ ಪ್ರಪೋಸ್ ಮಾಡಿದ ದೃಶ್ಯವನ್ನೇ ಬರೆದಿಲ್ಲ. ಕೇಳಿದಾಗ ಮರಿಯಾನ್ ಏನಂದಳು ಅಂತ ನಮಗೆ ಕೇಳಿಸೋದೇ ಇಲ್ಲ.

ಇದನ್ನೇ ತಮಿಳಲ್ಲಿ ರಾಜೀವ್ ಮೆನನ್ 2000ದಲ್ಲಿ ‘ಕಂಡುಕೊಂಡೇನ್ ಕಂಡುಕೊಂಡೇನ್’ ಅಂತ ಸಿನಿಮಾ ಮಾಡಿದ್ರು. ಎ.ಆರ್. ರೆಹಮಾನ್ ಹಾಡುಗಳಿಂದ ನಿಮಗೆ ಗೊತ್ತಿರುತ್ತೆ. ಅಲ್ಲಿ ವಿಲ್ಲೋಬಿ ಜಾಗದಲ್ಲಿ ಫೈನಾನ್ಸ್ ಕಂಪನಿ ನಡೆಸೋ ಹುಡುಗ. ಕಂಪನಿ ಮುಳುಗುತ್ತೆ, ದುಡ್ಡು ಹಾಕಿದವರಿಗೆ ವಾಪಸ್ ಕೊಡೋಕೆ ಮಂತ್ರಿ ಮಗಳ ಕೈ ಹಿಡೀತಾನೆ. ಐಶ್ವರ್ಯಾ ರೈ ಮಳೆಯಲ್ಲಿ ಬಾಯಿ ತೆರೆದ ಮ್ಯಾನ್‌ಹೋಲ್‌ಗೆ ಬೀಳ್ತಾಳೆ. ಅದು ಇಂಗ್ಲೆಂಡಿನ ಗುಡ್ಡಕ್ಕಿಂತ ನಮಗೆ ಹೆಚ್ಚು ಪರಿಚಯ ಇರೋ ಜಾಗ. ಬ್ರ್ಯಾಂಡನ್ ಆಗಿ ಮಮ್ಮುಟ್ಟಿ, ಯುದ್ಧದಲ್ಲಿ ಒಂದು ಕಾಲು ಕಳ್ಕೊಂಡ ಮೇಜರ್. ಈ ಬದಲಾವಣೆ ನನಗೆ ಇಷ್ಟ. ಕಾದಂಬರಿಯಲ್ಲಿ ಒಬ್ಬರು ರೋಗಿ, ಇನ್ನೊಬ್ಬರು ಉಪಕಾರಿ. ಸಿನಿಮಾದಲ್ಲಿ ಇಬ್ಬರೂ ಗಾಯಾಳುಗಳು. ಲೆಕ್ಕ ಸ್ವಲ್ಪ ಸಮ ಆಗುತ್ತೆ.

ಈಗ ನನ್ನದೇ ಒಂದು ವಿಷಯ. ಮೂರು ವರ್ಷದ ಹಿಂದೆ ಸ್ಕೂಟಿ ಸ್ಕಿಡ್ ಆಗಿ ಬಿದ್ದೆ. ಮೊಣಕಾಲ ಕೆಳಗೆ ಎರಡು ಮೂಳೆ ಮುರೀತು, ಒಳಗೆ ರಾಡ್ ಹಾಕಿದ್ರು. 11 ವಾರ ಮಂಚದ ಮೇಲೆ. ಗುರುತಿಲ್ಲದ ಒಬ್ಬ ಹುಡುಗ ನನ್ನನ್ನ ಎತ್ತಿ ಆಟೋ ಹತ್ತಿಸಿ ಆಸ್ಪತ್ರೆಗೆ ಬಿಟ್ಟು ಹೋಗಿದ್ದ. ಆತನ ಉಪಕಾರ ದೊಡ್ಡದು, ಇಲ್ಲ ಅನ್ನಲ್ಲ. ನೋಡೋಕೆ ಬಂದವರಿಗೆಲ್ಲ ಆ ಕಥೆ ಹೇಳ್ತಿದ್ದೆ. ಆತ ಹಾಕಿದ್ದ ಶರ್ಟಿನ ಬಣ್ಣ ಸಹಿತ.

ನನ್ನ ಅಕ್ಕನ ಬಗ್ಗೆ ಯಾರಿಗೂ ಹೇಳ್ಲಿಲ್ಲ. ಬೆಡ್‌ಪ್ಯಾನ್ ತೊಳೆದಿದ್ದು ಅವಳು. ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿದ್ದು, ಜಡೆ ಹಾಕಿದ್ದು, ರಾತ್ರಿ ಎರಡಕ್ಕೆ ನಾನು ನೋವು ಅಂತ ಕೂಗಿದಾಗ ಎದ್ದಿದ್ದು ಅವಳು. ಅಕ್ಕ ಅಂದ ಮೇಲೆ ಮಾಡ್ತಾಳೆ, ಅದರಲ್ಲೇನು ಕಥೆ ಅಂತ ನನ್ನ ಲೆಕ್ಕ.

ವಾಕರ್ ಬಿಟ್ಟು ನಡೆಯೋಕೆ ಶುರು ಮಾಡಿದ ಮೇಲೆ, ಗೋಡೆಗೆ ಅಂಟಿಸಿದ್ದ ಮಾತ್ರೆ ಚಾರ್ಟ್ ಕಿತ್ತೆ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅಂತ ಅಕ್ಕ ಬರೆದಿದ್ದಳು. ಹಿಂದೆ ತಿರುಗಿಸಿದ್ರೆ ಅದು ಅವಳದೇ ಬ್ಯಾಂಕ್ ಪರೀಕ್ಷೆಯ ಹಾಲ್ ಟಿಕೆಟ್. ತಾರೀಖು ನೋಡಿದೆ. ನನ್ನ ಆಪರೇಷನ್ ಆಗಿ ಆರನೇ ದಿನ.

“ಯಾಕ ಹೇಳ್ಲಿಲ್ಲ?” ಅಂತ ಕೇಳಿದೆ.

“ಹೇಳಿದ್ರ ನೀ ಏನ್ ಎದ್ದು ನಡೀತಿದ್ದೇನು?” ಅಂದಳು. ಅಷ್ಟೇ. ರೊಟ್ಟಿ ಬಡಿಯೋದು ಮುಂದುವರಿಸಿದಳು.

ಮುಂದಿನ ವರ್ಷ ಮತ್ತೆ ಬರೆದಳು. ಮೇನ್ಸ್‌ನಲ್ಲಿ ನಿಂತಿತು. ಆ ವರ್ಷ ಬರೆದಿದ್ರೆ ಆಗ್ತಿತ್ತೋ ಇಲ್ವೋ, ಯಾರಿಗೆ ಗೊತ್ತು? ಆದ್ರೆ ಎಲಿನಾರ್ ಪುಟಗಳನ್ನ ಓದುವಾಗೆಲ್ಲ ನನಗೆ ಆ ಹಾಳೆಯೇ ಕಾಣುತ್ತೆ.

ಎರಡನೇ ಕಥೆ ‘ಬೆಳ್ಳಿಮೋಡ’. ತ್ರಿವೇಣಿ ಅವರ ಕಾದಂಬರಿ, 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ರು. ಕಲ್ಪನಾ, ಕಲ್ಯಾಣ್ ಕುಮಾರ್. ನಿಮ್ಮ ಅಮ್ಮನನ್ನ ಕೇಳಿದ್ರೆ ಕಥೆ ಜೊತೆ ಹಾಡೂ ಹೇಳ್ತಾರೆ.

ಇದೂ ಆಸ್ತಿಯಿಂದಲೇ ಶುರು. ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಮೋಹನ್ ಜೊತೆ ಮದುವೆ ಗೊತ್ತಾಗುತ್ತೆ. ಆತ ಅಮೆರಿಕಕ್ಕೆ ಓದೋಕೆ ಹೋಗೋದು ಮಾವನ ಖರ್ಚಲ್ಲಿ. ಆತ ಅಲ್ಲಿರುವಾಗ ಇಂದಿರಾಗೆ ಒಬ್ಬ ತಮ್ಮ ಹುಟ್ತಾನೆ. ಆಸ್ತಿಗೆ ವಾರಸುದಾರ ಬಂದ. ವಾಪಸ್ ಬಂದ ಮೋಹನ್‌ಗೆ ಇಂದಿರಾ ಈಗ ಬರೀ ಇಂದಿರಾ. ಆತ ಹಿಂದೆ ಸರೀತಾನೆ. 50,000 ಪೌಂಡಿನ ಹಿಂದೆ ಹೋದ ವಿಲ್ಲೋಬಿಗೂ ಇವನಿಗೂ ವ್ಯತ್ಯಾಸ ಏನು?

ಆಮೇಲೆ ಬೀಳೋದು ಹುಡುಗಿ ಅಲ್ಲ, ಮೋಹನ್. ಕಾಲು ಮುರ್ಕೊಳ್ತಾನೆ. ಆರೈಕೆ ಮಾಡೋದು ಇಂದಿರಾ. ಮಲಗಿದ್ದಲ್ಲೇ ಅವಳ ಗುಣ ನೋಡಿ ನೋಡಿ ಆತನಿಗೆ ಪಶ್ಚಾತ್ತಾಪ ಆಗುತ್ತೆ, ಪ್ರೀತಿ ಹುಟ್ಟುತ್ತೆ. ಮದುವೆ ಆಗೋಣ ಅಂತಾನೆ. ಬೇರೆ ಯಾವ ಕಥೆ ಆದ್ರೂ ಇಲ್ಲಿ ವಾಲಗ ಊದಿಸಿ ಮುಗಿಸ್ತಿತ್ತು.

ಇಂದಿರಾ ಒಲ್ಲೆ ಅಂತಾಳೆ.

ಸಿಟ್ಟಿಗಲ್ಲ. ಸಿಟ್ಟಿದ್ದಿದ್ರೆ ಆರೈಕೆಯನ್ನೇ ಮಾಡ್ತಿರಲಿಲ್ಲ. ನೋವಲ್ಲಿದ್ದವನನ್ನ ನೋಡ್ಕೊಂಡಿದ್ದು ಒಂದು, ಬದುಕು ಹಂಚ್ಕೊಳ್ಳೋದು ಇನ್ನೊಂದು. ಎರಡನ್ನೂ ಒಂದೇ ಖಾತೆಯಲ್ಲಿ ಬರೆಯೋಕೆ ಅವಳು ಒಪ್ಪಲ್ಲ. ಆರೈಕೆ ಮಾಡಿದವಳಿಗೂ ಬೇಡ ಅನ್ನೋ ಹಕ್ಕಿದೆ ಅಂತ ನಮ್ಮ ಕನ್ನಡದ ಹೆಣ್ಣುಮಗಳೊಬ್ಬಳು ಅಷ್ಟು ವರ್ಷದ ಹಿಂದೆ ಬರೆದಿಟ್ಟಿದ್ದಾಳೆ. ತ್ರಿವೇಣಿ 1963ರಲ್ಲೇ, 35 ತುಂಬೋ ಮೊದಲೇ ತೀರಿಕೊಂಡ್ರು. ಸಿನಿಮಾ ನೋಡೋಕೆ ಅವರು ಇರಲಿಲ್ಲ.

ಈಗ ಮೆಸೇಜ್ ಕಳಿಸಿದವರಿಗೆ. ಮರಿಯಾನ್ ಹೂಂ ಅಂದಳು, ಪ್ರೀತಿ ಆಮೇಲೆ ಬಂತು. ಇಂದಿರಾ ಒಲ್ಲೆ ಅಂದಳು, ಅವಳೂ ಸೋಲಲಿಲ್ಲ. ಗೌರವದಿಂದ ಪ್ರೀತಿ ಬೆಳೆಯಲ್ಲ ಅಂತ ನಾನು ಹೇಳಲ್ಲ. ಬೆಳೆಯಲೇಬೇಕು ಅಂತ ಯಾರೂ ಹಟ ಹಿಡಿಯೋ ಹಾಗಿಲ್ಲ, ಅಷ್ಟೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಲಗಿರುವಾಗ ತೀರ್ಮಾನ ಮಾಡಬೇಡಿ. ಮಂಚದ ಮೇಲಿದ್ದಾಗ ಬಾಗಿಲಲ್ಲಿ ಬಂದು ನಿಂತವರೆಲ್ಲ ದೇವರ ಹಾಗೆ ಕಾಣ್ತಾರೆ, ನನಗೂ ಕಂಡಿದ್ರು. ಮೊದಲು ನಡೀರಿ. ಒಬ್ಬರೇ ಮೆಟ್ಟಿಲು ಇಳಿದು, ಆಟೋ ಹತ್ತಿ, ಕೆಲಸಕ್ಕೆ ಹೋಗಿ ಬನ್ನಿ. ಆತನ ಸಹಾಯ ಬೇಕಿಲ್ಲದ ಒಂದು ಸಾಯಂಕಾಲ, ಆತನ ಜೊತೆ ಕೂತು ಒಗ್ಗರಣೆ ಮಿರ್ಚಿ ತಿನ್ನಿ. ಆಗಲೂ ಆತ ಬಂದಿದ್ದು ಖುಷಿ ಅನಿಸಿದ್ರೆ, ಆ ಖುಷಿಗೆ ಋಣ ಅಂತ ಹೆಸರಿಡಬೇಕಿಲ್ಲ. ಆತನನ್ನೂ ಕೇಳಿ. ನಿಮ್ಮ ಮೆಸೇಜ್‌ನಲ್ಲಿ ಎರಡೂ ಮನೆಯವರ ಮಾತಿತ್ತು, ಆತನ ಮಾತು ಒಂದೂ ಇರಲಿಲ್ಲ. ಪಾಪ, ಆತ ಬಹುಮಾನಕ್ಕಾಗಿ ಬಂದವನೇ ಅಲ್ಲದಿರಬಹುದು.

ಮತ್ತೆ ಇನ್ನೊಂದು. ನಿಮ್ಮ ಮೆಸೇಜ್ ಎರಡು ಸಲ ಕೇಳಿದೆ. ಆಸ್ಪತ್ರೆಗೆ ಆತ ದಿನಾ ಬಂದ ಅಂದ್ರಿ. ಆತ ಹೋದ ಮೇಲೆ ರಾತ್ರಿ ನಿಮ್ಮ ಪಕ್ಕದಲ್ಲಿ ಯಾರು ಮಲಗ್ತಿದ್ರು? ಅಮ್ಮನಾ, ಅತ್ತಿಗೆನಾ? ಅವರಿಗೂ ಒಂದು ಫೋನ್ ಮಾಡಿ.

ಸೆಕೆ ತಡ್ಕೊಳ್ಳೋಕೆ ಆಗ್ತಿಲ್ಲ, ಫ್ಯಾನ್ ಹಾಕ್ತೀನಿ. ಕೆಳಗೆ ಅಕ್ಕ ಊಟಕ್ಕೆ ಕರೀತಿದ್ದಾಳೆ. ಈ ವರ್ಷದ ಅರ್ಜಿ ತುಂಬಿದ್ದಾಳೆ, ಹಾಲ್ ಟಿಕೆಟ್ ಬಂದ್ರೆ ಪ್ರಿಂಟ್ ತೆಗೆಸೋ ಕೆಲಸ ನನ್ನದು. ಎರಡು ಕಾಪಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.