ಕಾಡಿನಲ್ಲಿ ಕಳೆದ ಒಂದು ರಾತ್ರಿ

(ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ ನಾವು ಐವರು ಕುಕ್ಕೆಯಿಂದ ಕುಮಾರಪರ್ವತ ಹತ್ತಿದೆವು. ಎತ್ತರ 1712 ಮೀಟರ್. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿ ಹೊರಟರೆ ಮುಂದೆಲ್ಲ ನೆರಳಿಲ್ಲದ ಹುಲ್ಲುಗುಡ್ಡ, ಸುಡುವ ಬಿಸಿಲು. ತರಗತಿಗೇ ಮೊದಲಿಗನಾದ ನಾನು ನನ್ನ ನೀರನ್ನೆಲ್ಲ ದಾರಿಯಲ್ಲೇ ಕುಡಿದು ಮುಗಿಸಿದೆ. ಶೇಷಪರ್ವತ ದಾಟಿ ಕಾಡಿಗಿಳಿದಾಗ ಕತ್ತಲಾಯಿತು, ಅಲ್ಲೇ ಮಲಗಿದೆವು.

ನಡುರಾತ್ರಿ ಗಂಟಲೊಣಗಿ ಎದ್ದು ಕೂತೆ. ಕೇಳಲು ನಾಚಿಕೆ. ಪಕ್ಕದಲ್ಲಿದ್ದವನು ಮಾತಾಡದೆ ತನ್ನ ಬಾಟಲಿ ಕೊಟ್ಟ. ಅರ್ಧದಷ್ಟು ನೀರು ಉಳಿಸಿಕೊಂಡಿದ್ದ. ಲೆಕ್ಕ ಬರುವುದಿಲ್ಲವೆಂದು ನಾನು ವರ್ಷವಿಡೀ ಗೇಲಿ ಮಾಡಿದ್ದು ಅವನನ್ನೇ.

ಅವನು ಇಂದು ಈ ಸಭೆಯಲ್ಲಿದ್ದಾನೆ. ಅಂದು ಹೇಳದೆ ಉಳಿದ ಮಾತನ್ನು ಎಲ್ಲರೆದುರು ಹೇಳುತ್ತೇನೆ: ಕ್ಷಮಿಸು ಮಾರಾಯ.